ಮುಧೋಳ ನಾಯಿಗೆ ಓಡಾಕ ಮುಧೋಳದಾಗ ಒಂದು ಬಯಲು ಕೊಡ್ರಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮುಧೋಳ ಕ್ಷೇತ್ರದ ಮಾನ್ಯ ಶಾಸಕರಿಗೆ ಲೋಕಾಪುರದಿಂದ ನಮಸ್ಕಾರ್ರಿ.

ಸಾಹೇಬ್ರ, ನಾ ಒಬ್ಬ ರೈತ, ಮನ್ಯಾಗ ಎರಡು ಮುಧೋಳ ನಾಯಿ ಅದಾವ, ರಾಣಿ ಮತ್ತ ಅಕಿ ಮಗ ಸರ್ಜಾ. ರಸ್ತೆ, ಗಟಾರ ಕೇಳಾಕ ಬರ್ಯಾಕತ್ತಿಲ್ರಿ. ಇವು ಬಿಚ್ಚಿ ಓಡಾಕ ಬೇಲಿ ಇದ್ದ ಒಂದು ಬಯಲು ಬೇಕಾಗೇತಿ, ಅಷ್ಟ.

ಹೋದ ಸುಗ್ಗಿಯಾಗ ಒಂದಿನ ಮುಂಜಾನೆ ರಾಣಿನ ಕಬ್ಬು ಕಡದ ಹೊಲದಾಗ ಬಿಟ್ಟಿದ್ದೆ. ದೂರದಾಗ ಏನೋ ಬೆಳ್ಳಗ ಅಳ್ಳಾಡಿತು, ಬೆಳ್ಳಕ್ಕಿ ಇರಬೇಕು, ನಾ ಕೂಗೂದ್ರಾಗ ಬದು ಜಿಗಿದು ಬಾಜೂ ಹೊಲಕ್ಕ ಹೋಗಿಬಿಟ್ಲು, ಅಲ್ಲಿ ಮುಳ್ಳುತಂತಿ ಇತ್ತು. ಈ ನಾಯಿ ತೊಗಲು ಭಾಳ ತೆಳ್ಳಗ್ರಿ, ಕೆಳಗ ಕೊಬ್ಬೂ ಇರಂಗಿಲ್ಲ, ತೊಡಿಮ್ಯಾಲ ಗೇಣುದ್ದ ಹರಿದಿತ್ತು. ಅಕಿ ಒದರಲಿಲ್ಲ, ಬಂದು ನನ್ನ ಮೊಳಕಾಲಿಗೆ ತಲಿ ಹಚ್ಚಿ ನಿಂತ್ಲು. 11 ಹೊಲಿಗಿ ಬಿದ್ವು. ತಂತಿ ಇಲ್ದಿದ್ರ ಕಬ್ಬಿನ ಕೂಳಿ ಅಂಗಾಲು ಕೊಯ್ತಾವ, ರೋಡಿಗೆ ಹೋದ್ರ ಕಬ್ಬಿನ ಟ್ರ್ಯಾಕ್ಟರ್.

ಕಟ್ಟಿ ಹಾಕ್ರಿ ಅಂತಾರ ಮಂದಿ. ಇದು ವಾಸನಿ ಹಿಡಿದು ಹೋಗೂ ನಾಯಿ ಅಲ್ರಿ, ಕಣ್ಣಿನ ನಾಯಿ, ಅಳ್ಳಾಡೂದು ಕಂಡ್ರ ಬೆನ್ನು ಹತ್ತೂದು ಅದರ ರಕ್ತದಾಗ ಐತಿ. ಹಗ್ಗ ಹಿಡಿದು ಎರಡು ತಾಸು ತಿರಗ್ಯಾಡಿಸಿದ್ರೂ ಸಮಾಧಾನ ಇಲ್ಲ, ಎರಡ ನಿಮಿಷ ಜೀವಾ ತುಂಬಿ ಓಡಲಿ, ದಿನಾ ಪೂರ್ತಿ ಹಾಸಿಗ್ಯಾಗ ಬಿದ್ದಿರ್ತೈತಿ. ಹಿಂದಿನವ್ರು ಮೊಲದ ಬೇಟಿಗೆ ಬಿಡ್ತಿದ್ರು, 1972ರ ವನ್ಯಜೀವಿ ಕಾಯ್ದೆ ಬಂದಮ್ಯಾಲ ಅದು ಅಪರಾಧ, ಆಗಬೇಕಾದದ್ದನ ಆತು. ಆದ್ರ ಈಗೂ ರಾತ್ರಿ ಬ್ಯಾಟರಿ ಹಿಡಿದು ಕದ್ದು ಹೋಗೂ ಹುಡುಗ್ರು ಅದಾರ, ಅವರಿಗೆ ಬೇರೆ ಆಟ ತೋರಿಸಬೇಕ್ರಿ.

ಆ ಆಟ ಐತಿ, ಲೂರ್ ಕೋರ್ಸಿಂಗ್ ಅಂತಾರ. ಬಯಲಿನ ಸುತ್ತ ನೆಲಕ್ಕ ಸಣ್ಣ ಗಾಲಿ ಬಡಿದು, ಅದರಾಗ ದಾರ ಹಾಯಿಸಿ, ಒಂದು ಬಿಳೀ ಪ್ಲಾಸ್ಟಿಕ್ ಚೀಲ ಕಟ್ಟಿ, ಬ್ಯಾಟರಿ ಮೋಟಾರಿನಿಂದ ಎಳೀತಾರ. ಚೀಲ ಮೊಲದಂಗ ತಿರುವು ತಗೊಂತ ಓಡ್ತೈತಿ, ನಾಯಿ ಹಿಂದ. ಯಾವ ಜೀವಾನೂ ಸಾಯಂಗಿಲ್ಲ. ತಿರುವು ಅಗಲ ಇರಬೇಕು, ಗಕ್ಕನ ತಿರುಗಿದ್ರ ಕಾಲು ಉಳುಕ್ತೈತಿ, ಒಂದು ವರ್ಷ ತುಂಬದ ಮರಿ ಬಿಡಬಾರದು, ಎಲುವು ಇನ್ನಾ ಬಲತಿರಂಗಿಲ್ಲ. ನಮ್ಮ ಬ್ಯಾಸಿಗಿಯಾಗ 40 ಡಿಗ್ರಿ ದಾಟ್ತೈತಿ, ಹಿಂಗಾಗಿ ಮುಂಜಾನೆ ಏಳರೊಳಗ ಮುಗಿಸಬೇಕು. ಓಡಿ ಬಂದ ಕೂಡ್ಲೆ ಹೊಟ್ಟಿಗೆ ಹಾಕಬಾರದು, ಎದಿ ಆಳ ಇದ್ದ ನಾಯಿಗೆ ಹೊಟ್ಟಿ ತಿರುವಿ ಜೀವಾನ ಹೋಗ್ತೈತಿ.

ಸಾಹೇಬ್ರ, ಈ ತಳಿ ಉಳಿಸಿದವ್ರು ನಮ್ಮ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜ್ರು. 2005ರಾಗ ಅಂಚೆ ಚೀಟಿ ಮ್ಯಾಲ ಬಂತು, ಆಮ್ಯಾಲ ಸೈನ್ಯದವ್ರು ಮೀರತ್‌ಗೆ ಒಯ್ದು ತರಬೇತಿ ಕೊಟ್ರು, ತಿಮ್ಮಾಪುರದಾಗ ಶ್ವಾನ ಸಂಶೋಧನಾ ಕೇಂದ್ರನೂ ಐತಿ. ಅಲ್ಲಿಂದ ಮರಿ ಒಯ್ದ ಮಂದಿ ಎಲ್ಲಿ ಓಡಿಸಬೇಕ್ರಿ? ಜಾತ್ರಿಯೊಳಗ ಎತ್ತಿನ ತೆರೆಬಂಡಿ ಸ್ಪರ್ಧೆಗೆ ಜಾಗಾ ಹುಡುಕ್ತೀವಿ, ಇದಕ್ಕೂ ಹುಡುಕೂಣು.

ಎಲ್ಲ್ಯರ ಗಾಯರಾಣದಾಗ, ಅಂದ್ರ ದನಾ ಮೇಯೂ ಗೋಮಾಳದಾಗ, ನಾಕೈದು ಎಕರೆ, ಸುತ್ತ ಆರು ಫೂಟ್ ಜಾಲರಿ ಬೇಲಿ, ಮುಳ್ಳುತಂತಿ ಬ್ಯಾಡ್ರಿ, ಒಂದು ನೀರಿನ ತೊಟ್ಟಿ, ನಾಕು ಬೇವಿನ ಗಿಡ. ಕಲ್ಲು ನಾವು ಸಾಕಿದವ್ರ ಆರಿಸ್ತೀವಿ, ಮೋಟಾರು ಪಟ್ಟಿ ಹಾಕಿ ತರ್ತೀವಿ. ಬಾಜಿ ಕಟ್ಟೂದು ಬ್ಯಾಡಂತ ಬೋರ್ಡ್ ಮಾತ್ರ ಪಂಚಾಯ್ತಿಯವ್ರ ಹಾಕಬೇಕು, ನಮ್ಮ ಮಾತು ಎಲ್ಲಾರೂ ಕೇಳಂಗಿಲ್ಲ.

ಒಂದು ಐತವಾರ ಮುಂಜಾನೆ ಆರಕ್ಕ ನಮ್ಮ ಹೊಲಕ್ಕ ಬರ್ರಿ. ರಾಣಿ ಗಾಯ ಮಾದೈತಿ, ಸರ್ಜಾಗ ಈಗ ಎರಡು ವರ್ಷ. ಓಡೂದು ನೋಡ್ರಿ, ಆಮ್ಯಾಲ ಕುಂತು ಚಾ ಕುಡಕೋಂತ ಜಾಗದ ಮಾತು ಆಡೂಣು.

ನಿಮ್ಮ ಕ್ಷೇತ್ರದ ಮತದಾರ,
ಲೋಕಾಪುರ