ಜ್ವರ ಬಿಟ್ಟ ಮೇಲೆ ಎದೆನೋವೇ? ಸುಮ್ನೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲದ ವೈರಲ್ ಜ್ವರ ಬಿಟ್ಟು ವಾರವಾಗಿತ್ತು. ಮಗ ಹಾಕಿ ಸ್ಟಿಕ್ ಹಿಡಿದು ಮೈದಾನಕ್ಕಿಳಿದ. ಹತ್ತೇ ನಿಮಿಷ, ಎದೆ ಹಿಡಿದು ಕೂತುಬಿಟ್ಟ. ಊರಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರು. ಮೈಸೂರಿಗೆ ಹೋದಾಗ ರಕ್ತದಲ್ಲಿ ಟ್ರೊಪೋನಿನ್, ಅಂದರೆ ಹೃದಯ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್, ಜಾಸ್ತಿ ಇತ್ತು. ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾತ್ರ ಸರಿಯಾಗಿಯೇ ಇತ್ತು! ಹೃದಯದ ಎಂಆರ್‌ಐ ಮಾಡಿದಾಗಲೇ ಮಯೋಕಾರ್ಡೈಟಿಸ್, ಅಂದರೆ ಹೃದಯ ಸ್ನಾಯುವಿನ ಉರಿಯೂತ ಎಂದು ಗೊತ್ತಾಗಿದ್ದು. ಹೃದಯ ಹೇಗೆ ಬಡಿಯುತ್ತಿದೆ ಎಂದು ಎಕೋ ತೋರಿಸುತ್ತದೆ. ಸ್ನಾಯುವಿನೊಳಗಿನ ಊತ, ಗಾಯ ಕಾಣುವುದು ಎಂಆರ್‌ಐಯಲ್ಲಿ. ಇಂಥವರು ಸಾಮಾನ್ಯವಾಗಿ 3ರಿಂದ 6 ತಿಂಗಳು ಆಟ ಬಿಡಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ. ಮನೆಮನೆಯಲ್ಲೂ ಹಾಕಿ ಆಡುವ ಕೊಡಗಿನಲ್ಲಿ ಇದು ತಿಳಿದಿರಬೇಕು ಅಲ್ವಾ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಎಂಆರ್‌ಐ ಆಮೇಲಿನ ಮಾತು. ಇಸಿಜಿ, ಟ್ರೊಪೋನಿನ್ ಪರೀಕ್ಷೆಯಾದರೂ ನಮ್ಮ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ಸಿಗುವಂತೆ ಮಾಡಿ.

– ಒಬ್ಬ ತಾಯಿ, ವಿರಾಜಪೇಟೆ