ಮುಂದಿನದು ಗೊತ್ತಿಲ್ಲದವನ ಕಥೆ ಬರಿ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ. ಜೊತೆಗಿಟ್ಟ ಕಾಗದವನ್ನೂ ಓದಿದೆ. ವಿಯೆಟ್ನಾಂ ರೈತರ ಕಥೆ ಕನ್ನಡದಲ್ಲಿ ಯಾರಿಗೆ ಬೇಕು, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಪುಟ ಎಷ್ಟಿರಬೇಕು, ಪ್ರಕಾಶಕರು ಯಾರು ಅನ್ನೋದನ್ನೆಲ್ಲ ಆಮೇಲೆ ನೋಡೋಣ. ನನ್ನದು ಒಂದೇ ತಕರಾರು.

ನಿನ್ನ ಪಾತ್ರಗಳಿಗೆಲ್ಲ ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಿದೆ. 1861ರಲ್ಲಿ ಬಿದಿರು ಈಟಿ ಹಿಡಿದವನು 1954ರಲ್ಲಿ ಡಿಯೆನ್ ಬಿಯೆನ್ ಫುನಲ್ಲಿ ಫ್ರೆಂಚರನ್ನು ಸೋಲಿಸಿದ ಗೆಲುವನ್ನು ಕಂಡುಬಂದವನ ಹಾಗೆ ಭಾಷಣ ಮಾಡುತ್ತಾನೆ. ಪಾಪ, ಅವನಿಗೆ ಏನು ಗೊತ್ತಿತ್ತು? 1858ರಲ್ಲಿ ಫ್ರೆಂಚರು ಸ್ಪೇನಿನವರನ್ನು ಕೂಡಿಕೊಂಡು ಡಾ ನಾಂಗ್ ಬಂದರಿಗೆ ದಂಡೆತ್ತಿ ಬಂದರು. ಮರುವರ್ಷ ಸೈಗಾನ್ ಕೋಟೆ ಬಿತ್ತು. ಈಗ ಅವರ ಠಾಣೆ ತನ್ನ ಗದ್ದೆಯ ಹತ್ತಿರಕ್ಕೇ ಬಂದಿದೆ. ಅಷ್ಟೇ.

ಕಣ್ಣು ಕಳೆದುಕೊಂಡಿದ್ದ ಕವಿ ನ್ಗುಯೆನ್ ಡಿನ್ ಚಿಯೂ ಬರೆದ ಕನ್ ಜುವೋಕ್ ಊರಿನ ಶೋಕಗೀತೆಯನ್ನು ನಿಧಾನವಾಗಿ ಓದು. 1861ರ ಡಿಸೆಂಬರ್‌ನಲ್ಲಿ ಅಲ್ಲಿನ ಫ್ರೆಂಚ್ ಠಾಣೆಯ ಮೇಲೆ ನುಗ್ಗಿ ಸತ್ತ ರೈತರ ಮೇಲೆ ಬರೆದದ್ದು. ಇವರಿಗೆ ಗೊತ್ತಿದ್ದದ್ದು ಎಮ್ಮೆ, ಉಳುಮೆ, ನಾಟಿ. ಗುರಾಣಿ, ಈಟಿ, ಬಾವುಟವನ್ನು ಇವರು ಕಂಡವರೇ ಅಲ್ಲ ಅನ್ನುತ್ತಾನೆ. ಮೈಮೇಲೆ ಒಂದು ತುಂಡು ಬಟ್ಟೆ. ಕೈಯಲ್ಲಿ ಚೂಪು ಮಾಡಿದ ಬಿದಿರು. ಹುಲ್ಲಿನ ಬತ್ತಿಯಿಂದ ಪಾದ್ರಿಗಳ ಪಾಠಮನೆಗೆ ಬೆಂಕಿ ಇಟ್ಟದ್ದನ್ನೂ ಹೇಳುತ್ತಾನೆ. ಮಗನನ್ನು ಕಳೆದುಕೊಂಡ ತಾಯಿ ರಾತ್ರಿ ದೀಪದ ಮುಂದೆ ಅಳುವುದನ್ನೂ ಬಿಡುವುದಿಲ್ಲ.

ನಿನ್ನ ಕಾದಂಬರಿಯಲ್ಲಿ ಆ ಬೆಂಕಿ ಯಾಕಿಲ್ಲ? ಕ್ರೈಸ್ತರಿಗೆ ರಾಜ ತು ಡುಕ್ ಕೊಟ್ಟ ಹಿಂಸೆಯನ್ನೇ ಫ್ರಾನ್ಸ್ ನೆಪ ಮಾಡಿಕೊಂಡಿತ್ತು. ಹಳ್ಳಿಗಳಲ್ಲಿ ಅಕ್ಕಪಕ್ಕದವರ ನಡುವೆಯೇ ಸಿಟ್ಟಿತ್ತು. ನಿನಗೆ ಇದು ಗೊತ್ತು, ಯಾಕಂದರೆ ನಿನ್ನ ಟಿಪ್ಪಣಿಯಲ್ಲಿದೆ. ಕಥೆಗೆ ಬರುವಾಗ ಒರೆಸಿಹಾಕಿದ್ದೀಯ. ಹಾಗೆ ಒರೆಸಿದರೆ ನನಗೆ ಕೋಪ ಬರುತ್ತೆ.

ಫ್ರೆಂಚರ ವಿರುದ್ಧ ಕಾದಾಡಿದ ನಾಯಕ ಟ್ರುವಾಂಗ್ ಡಿನ್ ವಿಷಯದಲ್ಲೂ ಅದೇ. ಗೋ ಕಾಂಗ್ ಕಡೆ ಜನರನ್ನು ಸೇರಿಸಿ ಬೀಳು ನೆಲವನ್ನು ಗದ್ದೆ ಮಾಡಿಸಿದವನು ಅವನು. ಆ ಜನವೇ ಅವನ ದಂಡಾಯಿತು. 1862ರ ಜೂನ್‌ನಲ್ಲಿ ರಾಜಧಾನಿ ಹುವೆಯ ಅರಮನೆ ಸೈಗಾನ್ ಸುತ್ತಲಿನ ಮೂರು ಪ್ರಾಂತ್ಯಗಳನ್ನು ಫ್ರೆಂಚರಿಗೆ ಬರೆದುಕೊಟ್ಟಿತು. ಹೋರಾಟ ನಿಲ್ಲಿಸು ಅಂತ ಅವನಿಗೆ ಅಪ್ಪಣೆ ಬಂತು. ಅವನು ನಿಲ್ಲಿಸಲಿಲ್ಲ. ರಾಜನ ನಿಷ್ಠೆಯಲ್ಲೇ ಬೆಳೆದವನು ರಾಜನ ಮಾತು ಮೀರಬೇಕು. ಎಂಥ ರಾತ್ರಿ ಕಳೆದಿರಬೇಕು ಅವನು! ನೀನು ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ, ಅವನ ಬಾಯಿಗೆ ಘೋಷಣೆ ಇಟ್ಟಿದ್ದೀಯ. ಅಲ್ಲಿ ಹತ್ತು ಪುಟ ನಿಲ್ಲು. ಅವನು ತಡವರಿಸಲಿ.

ಇನ್ನು ಹುಯಿನ್ ಕಾಂಗ್ ತನ್. ಟ್ರುವಾಂಗ್ ಡಿನ್ ಜೊತೆಗೇ ಇದ್ದು ಫ್ರೆಂಚರ ಕಡೆ ಹೋದವನು. 1864ರ ಆಗಸ್ಟ್‌ನಲ್ಲಿ ತನ್ನ ಹಳೆಯ ನಾಯಕನ ಸಾವಿಗೆ ಕಾರಣನಾದವನು. ನಿನ್ನ ಪುಸ್ತಕದಲ್ಲಿ ಅವನಿಗೆ ಹೆಸರೇ ಇಲ್ಲ, ಸುಮ್ನೆ 'ಒಬ್ಬ ದ್ರೋಹಿ'. ನಾನು ನಿನ್ನ ವಯಸ್ಸಲ್ಲಿದ್ದಾಗ ಒಂದು ವಾರಪತ್ರಿಕೆ ನನ್ನ ಧಾರಾವಾಹಿಯಿಂದ ಇಂಥದ್ದೇ ಪಾತ್ರವನ್ನು ಕೇಳದೆ ಕಿತ್ತುಹಾಕಿತು. ಓದುಗರಿಗೆ ವೀರರು ಸಾಕು ಅಂದರು. ಆ ಸಂಕಟ ಇನ್ನೂ ಹೋಗಿಲ್ಲ. ನನಗೆ ಬೇರೆಯವರು ಮಾಡಿದ್ದನ್ನು ನೀನು ನಿನ್ನ ಕೈಯಾರೆ ಮಾಡಿಕೊಳ್ಳುತ್ತಿದ್ದೀಯಲ್ಲ ಅಂತ ಹೊಟ್ಟೆ ಉರಿಯುತ್ತೆ.

ಬೈದೆ ಅಂತ ಬೇಜಾರಾಗಬೇಡ. ದೋಣಿಯಲ್ಲಿ ಅಕ್ಕಿ ಸಾಗಿಸುವ ಆ ಹೆಂಗಸರ ದೃಶ್ಯ ಇದೆಯಲ್ಲ, ಅದನ್ನು ಎರಡು ಸಲ ಓದಿದೆ. ಯಾರೂ ಯಾವ ದೊಡ್ಡ ಮಾತನ್ನೂ ಆಡುವುದಿಲ್ಲ. ಹೆದರಿದ್ದಾರೆ, ಆದರೂ ಹುಟ್ಟು ಹಾಕುತ್ತಿದ್ದಾರೆ. ಅದನ್ನು ಬರೆದವನಿಗೆ ಉಳಿದದ್ದೂ ಬರುತ್ತೆ.

ಮೊದಲು ತನ್‌ನ ಅಧ್ಯಾಯ ಬರಿ. ಅವನು ಗೆಳೆಯರನ್ನು ಬಿಟ್ಟು ಹೋದ ದಿನದಿಂದ ಶುರು ಮಾಡು. ಬರೆದಷ್ಟನ್ನು ಕಳಿಸು, ತಿದ್ದುತ್ತಾ ಕೂರಬೇಡ.

ನಿನ್ನ,
ಅಣ್ಣ