ಎರಾ ಅಂದರೆ ಅಜ್ಜಿ ಹೋದಹಾಗಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಸ್ಪೇನಿನ ಸಲಮಾಂಕಾದ ಚಳಿ, ಹೊಸ ರೂಮು, ಕೆಲಸ ಎಲ್ಲಾ ಓದಿದೆ. ಆದರೆ ಮನಸ್ಸು ನಿಂತಿದ್ದು ಆ ನಾಲ್ಕು ಸಾಲಿನಲ್ಲೇ. ಪಕ್ಕದ ಮನೆಯಾಕೆಗೆ ನೀನು ಸ್ಪ್ಯಾನಿಷ್‌ನಲ್ಲಿ "ಮಿ ಅಬುವೇಲಾ ಎರಾ ಮಾಎಸ್ತ್ರಾ" ಅಂದೆ, ಅಜ್ಜಿ ಟೀಚರ್ ಆಗಿದ್ದರು ಅಂತ. ಆಕೆ ನಿನ್ನ ಕೈ ಹಿಡಿದು "ಲೋ ಸಿಯೆಂತೊ", ಅಯ್ಯೋ ಪಾಪ, ಅಂದಳು. ಅಜ್ಜಿ ಹೋಗಿಬಿಟ್ಟಿದ್ದಾರೆ ಅಂದುಕೊಂಡಳು. ಆವತ್ತಿನಿಂದ ಮನೆಯವರ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಬಾಯೇ ಬಿಡುತ್ತಿಲ್ಲ, ನನ್ನ ಬಾಯಿಂದಲೇ ಅಪಶಕುನ ಬಂತೇನೋ ಅಂತ ಬರೆದಿದ್ದೀಯ. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ಬಿಡ್ತು ಅನ್ನು. ಆಮೇಲೆ ಕೇಳು.

ಆಗಿದ್ದರು ಅನ್ನುವ ಆ "ಎರಾ" ಯಾರನ್ನೂ ಕಳಿಸಿಬಿಡುವುದಿಲ್ಲ. ಆಗ ಹಾಗಿತ್ತು ಎನ್ನುತ್ತದೆ, ಅಷ್ಟೇ. ಮುಗಿಯಿತಾ, ಈಗಲೂ ಇದೆಯಾ, ಆ ಮಾತನ್ನೇ ಎತ್ತುವುದಿಲ್ಲ. ಮುಗಿದ ಘಟನೆ ಹೇಳುವುದಕ್ಕೆ ಸ್ಪ್ಯಾನಿಷ್‌ನವರ ಹತ್ತಿರ ಬೇರೆ ಭೂತಕಾಲವೇ ಇದೆಯಲ್ಲ. ನಾನು ಮೈಸೂರು ಅರಮನೆ ಮುಂದೆ ನಿಂತು ಪ್ರವಾಸಿಗರಿಗೆ ದಿನಾ ಹೇಳುತ್ತಿದ್ದ ಕತೆಯನ್ನೇ ತಗೋ. ಹಳೇ ಅರಮನೆ ಮರದ್ದಾಗಿತ್ತು, ಅಲ್ಲಿ "ಎರಾ". 1897ರಲ್ಲಿ, ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ, ಅದು ಸುಟ್ಟುಹೋಯಿತು, ಅಲ್ಲಿ "ಸೆ ಕೆಮೋ". ಬೆಂಕಿ ಬಿದ್ದಿದ್ದು ಕೆಮೋದಲ್ಲಿ. ಎರಾದಲ್ಲಿ ಇನ್ನೂ ಮರದ ಕಂಬಗಳು ಹಾಗೇ ನಿಂತಿವೆ. ಶ್ರೀರಂಗಪಟ್ಟಣಕ್ಕೆ ಹೋದರೂ ಅದೇ. ಟಿಪ್ಪು ಬೇಸಿಗೆಯಲ್ಲಿ ದರಿಯಾ ದೌಲತ್‌ಗೆ ಬಂದಿರುತ್ತಿದ್ದ ಅನ್ನುವಾಗ "ಪಸಾಬಾ", 1799ರಲ್ಲಿ ತೀರಿಕೊಂಡ ಅನ್ನುವಾಗ "ಮುರಿಯೋ". ಸಾವು ಬರುವುದು ಆ ಎರಡನೇ ಕ್ರಿಯಾಪದದಲ್ಲಿ. ನೀನು ಅದನ್ನು ಆಡಿಯೇ ಇಲ್ಲ ಮಗಳೇ.

ಇನ್ನೊಂದು ವಿಷಯ. ಅಂಗಡಿಗೆ ಹೋಗಿ ನೀನೇ "ಕೆರಿಯಾ ಮೇದಿಯೊ ಕೀಲೊ ದೆ ತೊಮಾತೆಸ್" ಅನ್ನುತ್ತೀಯ ಅಲ್ವಾ? ಅರ್ಧ ಕೆ.ಜಿ. ಟೊಮೇಟೊ ಬೇಕಾಗಿತ್ತು ಅಂತ. ನಿನಗೆ ಬೇಕಾಗಿರುವುದು ಈಗ, ಚೀಲ ಹಿಡಿದು ನಿಂತಿರುವಾಗ. ಮರ್ಯಾದೆಗೆ ಹಾಗೆ ಹೇಳುತ್ತಾರೆ. ಹೆಸರು ಮರೆತವರು ಎದುರಿಗಿದ್ದವರನ್ನೇ "ಕೋಮೊ ತೆ ಯಮಾಬಾಸ್" ಅಂತ ಕೇಳುತ್ತಾರೆ, ನಿನ್ನ ಹೆಸರು ಏನಿತ್ತು ಅಂತ. ಯಾರೂ ಬೆಚ್ಚಿಬೀಳುವುದಿಲ್ಲ. ಪಾರ್ಕ್‌ನಲ್ಲಿ ಮಕ್ಕಳು ಆಟ ಕಟ್ಟುವಾಗ ಸುಮ್ನೆ ಹತ್ತಿರ ನಿಂತು ಕೇಳು. "ಯೋ ಎರಾ ಲಾ ರೇನಾ", ನಾನು ರಾಣಿಯಾಗಿದ್ದೆ ಅನ್ನುತ್ತವೆ, ಇನ್ನೂ ಆಟವೇ ಶುರುವಾಗಿರುವುದಿಲ್ಲ! ಇಷ್ಟೆಲ್ಲಾ ಜೀವ ಇರುವ ಕಾಲಕ್ಕೆ ನೀನು ಸಾವಿನ ಬಣ್ಣ ಬಳಿಯಬೇಡ.

ನಿನ್ನ ಭಯ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ನಿಮ್ಮ ತಾತ ತೀರಿಕೊಂಡ ವರ್ಷ ನನಗೂ ಗಂಟಲು ಕಟ್ಟುತ್ತಿತ್ತು. ಟೂರಿಸ್ಟ್‌ಗಳು ನಿಮ್ಮ ತಂದೆ ಏನು ಮಾಡುತ್ತಾರೆ ಅಂತ ಕೇಳಿದರೆ ಯಾವ ಕಾಲ ಬಳಸಲಿ ಅಂತ ಮಾತೇ ತಿರುಗಿಸುತ್ತಿದ್ದೆ. ಅಪ್ಪನಿಗೆ ಒಂದು ಸಲ ನನ್ನ ಜೊತೆ ಬಂದು, ನಾನು ಸ್ಪ್ಯಾನಿಷ್ ಮಾತಾಡುವುದನ್ನು ಕೇಳುವ ಆಸೆ ಇತ್ತು. ದಸರಾ ಬಂದರೆ ರಶ್ಶು, ಮುಗಿದರೆ ಮದುವೆ ಸೀಸನ್ನು, ಹೀಗೇ ಮುಂದಕ್ಕೆ ಹೋಯಿತು. ಅದೊಂದು ಕೊರಗು ಉಳಿದುಬಿಟ್ಟಿದೆ. ಆಮೇಲೆ ಯಾರೋ ವಯಸ್ಸಾದ ದಂಪತಿಯ ಮುಂದೆ "ಮಿ ಪಾದ್ರೆ ಕೆರಿಯಾ ಓಇರ್ಮೆ" ಅಂದೆ. ನಮ್ಮಪ್ಪನಿಗೆ ನನ್ನ ಮಾತು ಕೇಳುವ ಆಸೆ ಇತ್ತು. ಆಸೆ ಈಡೇರಿತೋ ಇಲ್ಲವೋ ಕೆರಿಯಾ ಹೇಳುವುದಿಲ್ಲ. ಅವರೂ ಕೇಳಲಿಲ್ಲ. ಅಷ್ಟು ಹೇಳಿದ್ದಕ್ಕೇ ನನಗೆ ಉಸಿರು ಹಗುರಾಯಿತು.

ಎಲ್ಲೆಲ್ಲಿಗೋ ಹೋದೆ. ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದರಲ್ಲಿ ವ್ಯಾಕರಣದ ತಪ್ಪಿಲ್ಲ. ಹಿಂದೆ ಮುಂದೆ ಏನೂ ಇಲ್ಲದೆ ಬರೀ "ಎರಾ" ಬಂದಾಗ ಕೇಳಿದವರು ತಾವೇ ಏನೋ ಊಹಿಸಿಕೊಳ್ಳುತ್ತಾರೆ, ಅಷ್ಟೇ ಆಗಿದ್ದು. ಇದೆಲ್ಲ ಕ್ಲಾಸಿನಲ್ಲಿ ನಿನಗೆ ಹೇಳಿಕೊಟ್ಟಿರಬಹುದು, ಆದರೂ ಹೇಳಿಬಿಡುತ್ತೇನೆ: ಮೊದಲು ಅಜ್ಜಿಯನ್ನು ವರ್ತಮಾನದಲ್ಲಿ ಕೂರಿಸು. "ಮಿ ಅಬುವೇಲಾ ವೀವೆ ಎನ್ ಮೈಸೂರ್", ಅಜ್ಜಿ ಮೈಸೂರಿನಲ್ಲಿದ್ದಾರೆ ಅಂತ. ಆಮೇಲೆ ಧಾರಾಳವಾಗಿ ಎರಾ ಅನ್ನು. ಇಲ್ಲಾ, ನಾನು ಚಿಕ್ಕವಳಿದ್ದಾಗ ಅಂತ "ದೆ ಪೆಕೇನ್ಯಾ" ಸೇರಿಸಿ, ಕತೆ ಹೇಳುತ್ತಿದ್ದರು, "ಕೊಂತಾಬಾ", ಅಂತ ಮುಂದುವರಿಸು. ಆಗ ಯಾರಿಗೂ ಅನುಮಾನ ಬರುವುದಿಲ್ಲ. ನಿನಗೆ ಬೇರೆ ದಾರಿ ಸುಲಭ ಅನ್ನಿಸಿದರೆ ಹಾಗೇ ಮಾಡು, ನನ್ನದೇ ಸರಿ ಅಂತಲ್ಲ. ಮಾತು ಮಾತ್ರ ನಿಲ್ಲಿಸಬೇಡ.

ಆ ಪಕ್ಕದ ಮನೆಯಾಕೆಯನ್ನು ತಪ್ಪಿಸಿಕೊಂಡು ಓಡಾಡಬೇಡ. ಪಾಪ, ಒಳ್ಳೇ ಮನಸ್ಸಿನಿಂದಲೇ ಕೈ ಹಿಡಿದಿದ್ದಾಳೆ. ನಮ್ಮಜ್ಜಿ ಈಗಲೂ ದಿನಾ ಬೆಳಗ್ಗೆ ಸೊಪ್ಪಿನವಳ ಗಾಡಿ ನಿಲ್ಲಿಸಿ, ದಂಟಿನ ಕಟ್ಟು ಬಿಚ್ಚಿ ಬೇರು ನೋಡಿ ಚೌಕಾಸಿ ಮಾಡುತ್ತಾರೆ ಅಂತ ಹೋಗಿ ಹೇಳು. ಅಜ್ಜಿಗೆ ಈ ವಿಷಯ ನಾನು ಹೇಳಿಲ್ಲ, ನೀನೂ ಫೋನಿನಲ್ಲಿ ಎತ್ತಬೇಡ.

ನಿನ್ನ,
ದೊಡ್ಡಮ್ಮ